ಬಲಕ್ಕೆ ಓಡಿಸಲು ಕಲಿತ ಮೂರು ವಾರ

ನನ್ನ ಯಜಮಾನರು ತೀರಿಕೊಂಡು ಮೂರು ತಿಂಗಳಾಯಿತು. ಕಾರಿನ ಶೆಡ್ಡಿನ ಬಾಗಿಲನ್ನು ನಾನು ಇನ್ನೂ ತೆಗೆದಿಲ್ಲ. ಮಗಳು ಬಂದಾಗಲೆಲ್ಲ ಕೀ ಕೈಯಲ್ಲಿ ಹಿಡಿದುಕೊಂಡು, "ಅಮ್ಮ, ಕುಂಬ್ರದವರೆಗೆ ಒಂದು ಸುತ್ತು ಹೋಗಿ ಬರುವನಾ?" ಎಂದು ಕೇಳುತ್ತಾಳೆ. ನಾನು ಮೊಣಕಾಲು ನೋವಿನ ನೆಪ ಹೇಳುತ್ತೇನೆ. ನೋವು ಮೊಣಕಾಲಿನದ್ದಲ್ಲ ಎಂದು ಅವಳಿಗೂ ಗೊತ್ತು.

ಕಳೆದ ವಾರ ಅವಳು ಕೀಯನ್ನು ಮೊಳೆಗೆ ಸಿಕ್ಕಿಸಿ, ಒಂದು ನೋಟುಪುಸ್ತಕ ತಂದು ನನ್ನ ಮುಂದೆ ಇಟ್ಟಳು. "ಬರುದಿಲ್ಲ ಅಂದ್ರೆ ಬೇಡ. ಅಪ್ಪನ ಬಗ್ಗೆ ಎಂತಾದ್ರೂ ಬರಿ," ಎಂದಳು. ನಾನು ಎಂಟನೇ ಕ್ಲಾಸಿನವರೆಗೆ ಓದಿದವಳು. ಮನೆಮಾತು ಕೊಂಕಣಿ; ಆದರೆ ಶಾಲೆಯಲ್ಲಿ ಬರೆಯಲು ಕಲಿತದ್ದು ಕನ್ನಡ. ಹಾಗಾಗಿ ನಾವು ಮನೆಯಲ್ಲಿ ಆಡಿದ ಮಾತನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಬರೆಯಲು ಕೂತರೆ ಅಳು ಬಂದೀತು ಎಂದು ಹೆದರಿದ್ದೆ. ಆದರೆ ಪೆನ್ನು ಹಿಡಿದ ಕೂಡಲೇ ನೆನಪಾದದ್ದು ನಾವು ಗೋವೆಗೆ ಹೋದ ವರ್ಷ. ಒಬ್ಬಳೇ ಕೂತು ನಕ್ಕೆ.

ಐವತ್ತರ ದಶಕದ ಮೊದಲ ವರ್ಷಗಳ ಮಾತು. ಆಗ ಗೋವೆ ಪೋರ್ಚುಗೀಸರ ಕೈಯಲ್ಲಿತ್ತು. ನಮ್ಮ ಪಾಲಿಗೆ ಅದು ಹೊರದೇಶ. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಅಲ್ಲಿಂದ ಹೊರಟು ಬಂದವರು. ಮನುಷ್ಯರು ಬಂದರು, ಕುಲದೇವಿ ಅಲ್ಲೇ ಉಳಿದಳು. ನನ್ನ ಅತ್ತೆಗೆ ಒಮ್ಮೆ ಆ ದೇವಿಯನ್ನು ಕಣ್ಣಾರೆ ನೋಡಬೇಕೆಂಬ ಆಸೆ. ಅದೇ ವರ್ಷ ಪುತ್ತೂರಿನ ಪೇಟೆಯಲ್ಲಿ ಪೇಪರು ಓದುವವರೆಲ್ಲ, "ಇನ್ನು ಸ್ವಲ್ಪ ಸಮಯದಲ್ಲಿ ಗಡಿ ಬಂದ್ ಆಗ್ತದೆ, ಹೋಗುವವರು ಈಗಲೇ ಹೋಗಿ ಬನ್ನಿ," ಎಂದು ಹೇಳತೊಡಗಿದರು.

ಹೋಗಲು ನಮ್ಮ ಮನೆಯಲ್ಲೇ ಕಾರು ಇತ್ತು. ಇವರು ಪುತ್ತೂರಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ಯುದ್ಧಕ್ಕಿಂತ ಮೊದಲಿನ ಕಪ್ಪು ಕಾರು. ಮುಂದೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಮಾತ್ರ ಸ್ಟಾರ್ಟ್ ಆಗುವುದು. ಅಡಿಕೆ ಸಾಹುಕಾರರು ಕೂತಿದ್ದಾರೆ, ಹೆರಿಗೆ ನೋವಿನ ಹೆಂಗಸರು ಕೂತಿದ್ದಾರೆ, ಮದುಮಕ್ಕಳು ಕೂತಿದ್ದಾರೆ. ಅದರಲ್ಲಿ ಕೂರದೆ ಇದ್ದವರು ಒಬ್ಬರೇ, ಇವರ ಸ್ವಂತ ತಾಯಿ.

ಅದಕ್ಕೆ ಕಾರಣ ಇತ್ತು. ನಾನು ಮದುವೆಯಾಗಿ ಬರುವ ಎರಡು ವರ್ಷ ಮೊದಲು, ಕಡಬದ ಕಡೆಯ ಒಂದು ಮದುವೆಗೆ ಹೋಗಿದ್ದ ದಿಬ್ಬಣದ ವ್ಯಾನು ಹಿಂದೆ ಬರುವಾಗ ಇಳಿಜಾರಿನಲ್ಲಿ ಎತ್ತಿನ ಗಾಡಿಯನ್ನು ದಾಟಲು ಹೋಗಿ ಮೋರಿಗೆ ಬಡಿದಿತ್ತು. ಮುಂದಿನ ಸೀಟಿನಲ್ಲಿದ್ದ ಅತ್ತೆಯ ಹಿರಿಯ ಮಗ ಅಲ್ಲೇ ಹೋದರು. ಅತ್ತೆ ಅದೇ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತು ನೋಡಿದವರು. ಆಮೇಲೆ ಅವರು ಮೋಟಾರು ಹತ್ತಲಿಲ್ಲ. ಕುಂಬ್ರದ ನೆಂಟರ ಮನೆಗೂ ನಡೆದೇ ಹೋಗುತ್ತಿದ್ದರು. ಕಿರಿಯ ಮಗ ಡ್ರೈವರಿಕೆಗೆ ಇಳಿದಾಗ ಒಂದು ತಿಂಗಳು ಮಾತು ಬಿಟ್ಟರಂತೆ. ಊಟ ಮಾತ್ರ ಬಡಿಸುತ್ತಿದ್ದರು. ನಾನು ಬಂದ ಮೇಲೂ ಅಷ್ಟೇ. ಕಾರು ಅಂಗಳಕ್ಕೆ ಬಂತೆಂದರೆ ಅತ್ತೆ ಒಳಗೆ ಹೋಗುವರು. ಇವರು ಆ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಆದರೆ ಹಬ್ಬದ ದಿನ ಕಾರು ತೊಳೆದು, ಹೂ ಹಾಕಿ, ಹಿಂದಿನ ಬಾಗಿಲನ್ನು ತೆರೆದೇ ಇಟ್ಟು ಸ್ವಲ್ಪ ಹೊತ್ತು ನಿಲ್ಲುವುದನ್ನು ನಾನು ನೋಡಿದ್ದೇನೆ.

ಹಾಗಾಗಿ ಒಂದು ಬೆಳಿಗ್ಗೆ ಅತ್ತೆ ಗಂಜಿ ಬಡಿಸುತ್ತಾ, "ಗಡಿ ಮುಚ್ಚುದು ನಿಜವಾ?" ಎಂದು ಕೇಳಿದಾಗ ಇವರ ಕೈ ಅಲ್ಲೇ ನಿಂತಿತು.

"ನಿಜ ಅಂತೆ."

"ನಡೆದು ಹೋದರೆ ಎಷ್ಟು ದಿನ?"

"ಅಮ್ಮ, ನಡೆದರೆ ನೀನು ಮುಟ್ಟುವಾಗ ಗಡಿಯೂ ಇರುದಿಲ್ಲ, ನೀನೂ ಇರುದಿಲ್ಲ."

ಅತ್ತೆ ನಗಲಿಲ್ಲ. ಸೌಟು ಕೆಳಗಿಟ್ಟು ಹೇಳಿದರು, "ನಿನ್ನ ಕಾರಲ್ಲಿ ಬರ್ತೇನೆ. ಆದರೆ ದಾರಿಯಲ್ಲಿ ಒಮ್ಮೆ ನನಗೆ ಹೆದರಿಕೆ ಆಯ್ತು ಅಂದ್ರೆ ಅಲ್ಲೇ ಇಳೀತೇನೆ. ಎಲ್ಲಿ ಇರಲಿ, ಇಳೀತೇನೆ. ಮತ್ತೆ ನಿನ್ನ ಕಾರು ಹತ್ತುದಿಲ್ಲ, ಈ ಜನ್ಮದಲ್ಲಿ."

ಇವರು ಗಂಜಿ ಮುಗಿಸದೆ ಎದ್ದರು. ನಾನು ಹಿಂದೆ ಹೋಗಿ ನೋಡಿದರೆ ಬಚ್ಚಲಿನ ಹತ್ತಿರ ನಿಂತು ಮುಖ ತೊಳೆಯುತ್ತಿದ್ದರು. "ಬರ್ತೇನೆ ಅಂದ್ರಲ್ಲ, ಕೇಳಿದೆಯಾ? ಬರ್ತೇನೆ ಅಂದ್ರು!" ಎಂದರು. ನೀರು ಗಲ್ಲದಿಂದ ಇಳಿದು ಅಂಗಿ ಒದ್ದೆಯಾಗುತ್ತಿತ್ತು. ಅದರ ಕಡೆ ಅವರ ಲಕ್ಷ್ಯವೇ ಇರಲಿಲ್ಲ.

ಅದೇ ದಿನ ಇವರು ಸುಳ್ಯದ ಹವಾಲ್ದಾರರನ್ನು ಕಾಣಲು ಹೋದರು. ಅವರು ಯುದ್ಧದಲ್ಲಿ ಮಿಲಿಟ್ರಿ ಲಾರಿ ಓಡಿಸಿದವರು. ಇರಾಕು, ಈಜಿಪ್ಟು, ಇಟಲಿ ಎಲ್ಲ ಸುತ್ತಿ ಬಂದು ಸುಳ್ಯದಲ್ಲಿ ಗದ್ದೆ ಮಾಡಿಕೊಂಡಿದ್ದರು. ಹೊರದೇಶದಲ್ಲಿ ವಾಹನ ಓಡಿಸಿದವರು ನಮ್ಮ ಕಡೆ ಅವರೊಬ್ಬರೇ. ಮರುದಿನವೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಖಾಕಿ ಚಡ್ಡಿ, ತಲೆಗೆ ಮುಂಡಾಸು. ಜಗಲಿಯಲ್ಲಿ ಕೂತು ಕಾಫಿ ಕುಡಿದು, ಮೊದಲ ಮಾತೇ ಇದು:

"ಬ್ರಿಟಿಷರದ್ದಲ್ಲದ ದೇಶದಲ್ಲಿ ಗಾಡಿ ಹೋಗುದು ಬಲಕ್ಕೆ. ಇಟಲಿಯಲ್ಲಿ ಬಲಕ್ಕೆ, ಈಜಿಪ್ಟಿನಲ್ಲಿ ಬಲಕ್ಕೆ. ಪೋರ್ಚುಗೀಸರದ್ದೂ ಬಲಕ್ಕೇ ಅಂತ ಲೆಕ್ಕ. ನಿಮ್ಮ ಕೈ ಐದು ವರ್ಷದಿಂದ ಎಡಕ್ಕೆ ಎಳೆಯುದು ಕಲಿತದೆ. ಅದನ್ನು ಮರೆಸಬೇಕು ಮಾರಾಯ್ರೆ, ಇಲ್ಲದಿದ್ರೆ ದೇವಿಯ ದರ್ಶನ ಬೇರೆ ದಾರಿಯಲ್ಲಿ ಆಗ್ತದೆ."

ಒಳಗಿದ್ದ ಅತ್ತೆಗೆ ಕೇಳಿಸೀತೆಂದು ಇವರು ಹೆದರಿ ಕೈ ಸನ್ನೆ ಮಾಡಿದರು. ಹವಾಲ್ದಾರರ ಪಿಸುಮಾತೂ ಅಂಗಳ ದಾಟುವಂಥದ್ದು.

ಕುಂಬ್ರದ ಹತ್ತಿರ ಒಂದು ಪದವು ಇತ್ತು. ಮುರಕಲ್ಲಿನ ಗಟ್ಟಿ ಬಯಲು, ಹುಲ್ಲು ಬಿಟ್ಟರೆ ಏನೂ ಬೆಳೆಯದು. ಅಲ್ಲಿ ಹವಾಲ್ದಾರರು ಕೆಂಪು ಕಲ್ಲುಗಳನ್ನು ಸಾಲಾಗಿ ಇಟ್ಟು ಒಂದು ಸುಳ್ಳು ರಸ್ತೆ ಮಾಡಿದರು. ತಿರುವು ಇತ್ತು, ಕೂಡುರಸ್ತೆ ಇತ್ತು, ಎದುರು ಬರುವ ಲಾರಿಯ ಬದಲಿಗೆ ಒಂದು ಒಣಗಿದ ಗೇರುಮರದ ಕೊಂಬೆಯೂ ಇತ್ತು. ಮೂರು ವಾರ, ಬಾಡಿಗೆ ಇಲ್ಲದ ಬೆಳಿಗ್ಗೆಗಳಲ್ಲಿ, ನಾವು ಅಲ್ಲಿ ಬಲಕ್ಕೆ ಓಡಿಸುವುದನ್ನು ಕಲಿತೆವು.

ನಾವು ಎಂದು ಯಾಕೆ ಬರೆದೆ ಎಂದರೆ, ಎರಡನೇ ದಿನವೇ ಹವಾಲ್ದಾರರು ನನ್ನನ್ನೂ ಕಾರಿಗೆ ಹತ್ತಿಸಿದರು. ನಾನು ಅವರಿಗೆ ಉಪ್ಪಿಟ್ಟು ಕೊಡಲು ಹೋದವಳು.

"ಅಕ್ಕ, ನೀವು ಮುಂದೆ ಎಡಗಡೆ ಕೂತ್ಕೊಳ್ಳಿ. ಸ್ಟೇರಿಂಗು ಬಲಗಡೆ, ಗಾಡಿ ರಸ್ತೆಯ ಬಲಗಡೆ. ಮುಂದೆ ಒಂದು ಗಾಡಿ ಇದ್ರೆ ಇವರಿಗೆ ಎದುರು ಬರುದು ಕಾಣುದೇ ಇಲ್ಲ. ನಿಮಗೆ ಕಾಣ್ತದೆ. ನೀವು ಇವರ ಕಣ್ಣು. ದಾರಿ ಖಾಲಿ ಇದ್ರೆ 'ಹೋಗ್ಲಿ' ಹೇಳಿ. ಇಲ್ಲದಿದ್ರೆ 'ತಡೀರಿ' ಹೇಳಿ. ಬೇರೆ ಮಾತು ಬೇಡ. ಗಂಡನ ಹತ್ರ ಹೇಳ್ಲಿಕ್ಕೆ ಬೇರೆ ಎಂತ ಇದ್ರೂ ಗಾಡಿ ನಿಂತ ಮೇಲೆ."

"ಸಂಶಯ ಇದ್ರೆ?" ಎಂದು ಕೇಳಿದೆ.

"ಸಂಶಯ ಇದ್ರೆ ತಡೀರಿ. ಯಾರೂ ಕಾದು ಸತ್ತದ್ದಿಲ್ಲ."

ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಅಲ್ಲಿಯವರೆಗೆ ನಾನು ಇವರಿಗೆ 'ಹೀಗೆ ಮಾಡಿ' ಎಂದು ಹೇಳಿದವಳಲ್ಲ. ಈಗ ಒಂದು ಕಾರು, ಒಬ್ಬ ಗಂಡಸು, ಎರಡೂ ನನ್ನ ಒಂದು ಮಾತಿಗೆ ನಿಲ್ಲುತ್ತಿದ್ದವು. ನನಗೆ ಎಷ್ಟು ಖುಷಿಯಾಯಿತೆಂದರೆ ಗೇರುಕೊಂಬೆಗೆ ಐವತ್ತು ಗಜ ಇರುವಾಗಲೇ "ತಡೀರಿ!" ಎಂದು ಕಿರುಚುತ್ತಿದ್ದೆ. ಸೊಪ್ಪು ಕಡಿಯಲು ಬಂದ ಹೆಂಗಸರು ಕತ್ತಿ ಕೆಳಗಿಟ್ಟು ನೋಡುತ್ತಾ ಕೂರುವರು. ಒಬ್ಬಳು ಕೇಳಿಯೇ ಬಿಟ್ಟಳು, "ಇಷ್ಟು ದೊಡ್ಡ ಪದವು ಉಂಟು, ಇವರಿಗೆ ಕಲ್ಲಿನ ಮಧ್ಯೆಯೇ ಹೋಗ್ಬೇಕಾ?"

ಹವಾಲ್ದಾರರ ಬುದ್ಧಿಮಾತುಗಳು ಒಂದೊಂದಾಗಿ ಬರುತ್ತಿದ್ದವು, ಕೆಲವು ಓಡಿಸುವಾಗ, ಕೆಲವು ಉಪ್ಪಿಟ್ಟು ತಿನ್ನುವಾಗ. ಹೊಸ ದೇಶದ ಮೊದಲ ಮೈಲಿಯನ್ನು ಎತ್ತಿನ ಗಾಡಿಯ ವೇಗದಲ್ಲಿ ಹೋಗಬೇಕು. ಕಣ್ಣಿಗೆ ಅಭ್ಯಾಸ ಆಗುವವರೆಗೆ ಕಾಲು ಬ್ರೇಕಿನ ಮೇಲೆಯೇ ಇರಬೇಕು. ದಾರಿಯನ್ನು ಒಬ್ಬರ ಹತ್ತಿರ ಕೇಳಿದರೆ ಸಾಲದು. ಎರಡನೆಯವರ ಹತ್ತಿರ ಮೊದಲನೆಯವರು ಹೇಳಿದ್ದನ್ನು ಹೇಳದೆ ಕೇಳಬೇಕು. ಪೆಟ್ರೋಲು ಸಿಕ್ಕಿದಲ್ಲಿ ತುಂಬಿಸಬೇಕು, ಮುಗಿದಲ್ಲಿ ಅಲ್ಲ. ಊಟವಾದ ಕೂಡಲೇ ಓಡಿಸಬಾರದು. ಗಡಿಯ ಪೊಲೀಸರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು, ನಾವಾಗಿ ಏನೂ ಕೇಳಬಾರದು. ಗೊತ್ತಿಲ್ಲದವರು ಎಂದು ಕಂಡರೆ ಇಡೀ ಗಂಟುಮೂಟೆ ಬಿಚ್ಚಿಸುತ್ತಾರೆ.

"ಮತ್ತೆ ಒಂದು," ಎಂದರು ಬೆರಳೆತ್ತಿ. "ಓಡಿಸುವಾಗ ತಪ್ಪುದು ಕಡಿಮೆ. ಚಾ ಕುಡಿದು ಹೊರಡ್ತೀರಲ್ಲ, ಆಗ ಕೈ ಮರೆಯುದು. ಪ್ರತೀ ಸಲ ಹೊರಡುವಾಗ ಯಾವ ಕಡೆ ಅಂತ ಬಾಯಿ ಬಿಟ್ಟು ಹೇಳಿ."

ಅದನ್ನು ಹೇಳಿದ ದಿನವೇ ಕುಂಬ್ರದ ಹೋಟೆಲಿನಲ್ಲಿ ಚಾ ಕುಡಿದು ಹೊರಟೆವು. ಇವರು ಗಂಭೀರವಾಗಿ, "ಬಲಕ್ಕೆ," ಎಂದು ಬಾಯಿ ಬಿಟ್ಟು ಹೇಳಿ, ನಿಜವಾದ ರಸ್ತೆಯಲ್ಲಿ, ಹಾಡುಹಗಲು, ಬಲಕ್ಕೆ ಹೊರಟರು. ಎದುರಿನಿಂದ ಬಾಳೆಗೊನೆ ಹೇರಿದ ಸೈಕಲಿನವ ಬಂದು, ಚರಂಡಿಗೆ ಇಳಿದು, ಗೊನೆಯನ್ನು ತಬ್ಬಿಕೊಂಡು ನಿಂತ.

"ಎಂತ ಮಾರಾಯ್ರೆ, ನಿದ್ದೆಯಾ?"

ಹೋಟೆಲಿನ ಜಗಲಿಯಿಂದ ಇನ್ನೊಬ್ಬರು, "ಇಲ್ಲ ಇಲ್ಲ, ಅವರು ಈಗ ಗೋವೆಯಲ್ಲಿದ್ದಾರೆ, ಕುಂಬ್ರ ಇನ್ನೂ ಬರ್ಲಿಲ್ಲ!" ಎಂದರು. ಇಡೀ ಪೇಟೆ ನಕ್ಕಿತು. ಮರುದಿನದಿಂದ ಪುತ್ತೂರಿನಲ್ಲಿ ಬಾಡಿಗೆಗೆ ಬಂದವರು ಕೂರುವ ಮೊದಲು, "ಎಡಕ್ಕಾ ಬಲಕ್ಕಾ?" ಎಂದು ಕೇಳತೊಡಗಿದರು. ಇವರೂ ನಗುತ್ತಿದ್ದರು. ಆದರೆ ಅತ್ತೆಯ ಕಿವಿಗೆ ಬೀಳಬಾರದೆಂದು ನಾವು ಪಟ್ಟ ಪಾಡು ನಮಗೇ ಗೊತ್ತು.

ತಂಬಿಗೆಯ ವಿಷಯ ಮರೆತೆ. ಬ್ರೇಕು ಹಾಕುವುದು ಹಿಂದೆ ಕೂತವರಿಗೆ ಗೊತ್ತೇ ಆಗಬಾರದು ಎಂದು ಹವಾಲ್ದಾರರು ಹಿಂದಿನ ಸೀಟಿನಲ್ಲಿ, ಅತ್ತೆ ಕೂರಬೇಕಾದ ಜಾಗದಲ್ಲಿ, ಬಟ್ಟೆಯ ಸಿಂಬಿ ಮಾಡಿ ಅದರ ಮೇಲೆ ನೀರು ತುಂಬಿದ ತಂಬಿಗೆ ಇಡುತ್ತಿದ್ದರು. ಮೊದಲ ದಿನ ಅರ್ಧ ತಂಬಿಗೆ ಸೀಟಿಗೇ ಹೋಯಿತು. ಎರಡನೇ ವಾರ ಸಿಂಬಿ ಮಾತ್ರ ಒದ್ದೆ. ಮೂರನೇ ವಾರದ ಕೊನೆಗೆ ನಾನು "ತಡೀರಿ" ಎಂದಾಗ ಕಾರು ನೆಲದ ಮೇಲೆ ಅರಳೆ ಇಟ್ಟ ಹಾಗೆ ನಿಂತಿತು, ಒಂದು ಹನಿ ಚೆಲ್ಲಲಿಲ್ಲ. ಹವಾಲ್ದಾರರು ತಂಬಿಗೆಯನ್ನು ಎತ್ತಿ ಗಟಗಟ ಕುಡಿದು, "ಇನ್ನು ಹೋಗಿ ಬನ್ನಿ," ಎಂದರು.

ಹೊರಡುವ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ಅದೇ ತಂಬಿಗೆಯಲ್ಲಿ ನಮ್ಮ ಬಾವಿಯ ನೀರು ತುಂಬಿಸಿ, ಬಾಯಿಗೆ ಬಾಳೆಲೆ ಮಡಚಿ ಮುಚ್ಚಿ ತಂದರು. ದೇವಿಗೆ ನಾವು ಕುಡಿಯುವ ನೀರು ಕೊಡಬೇಕಂತೆ. ಹಿಂದಿನ ಬಾಗಿಲು ತೆರೆದೇ ಇತ್ತು. ಅತ್ತೆ ಕಾರಿನ ಮೈ ಮುಟ್ಟಿ ನೋಡಿದರು, ಹತ್ತಿ ಕೂತರು, ತಂಬಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡರು, ಕಣ್ಣು ಮುಚ್ಚಿದರು. ಇವರು ಬಾಗಿಲನ್ನು ಎರಡೂ ಕೈಯಿಂದ, ಶಬ್ದವಾಗದ ಹಾಗೆ ಹಾಕಿದರು.

ಆ ಕಣ್ಣು ಗಡಿಯವರೆಗೂ ತೆರೆಯಲಿಲ್ಲ ಎಂದರೂ ಸರಿ. ಮಂಗಳೂರು ದಾಟಿದೆವು. ಆಗ ಉತ್ತರದ ಹೊಳೆಗಳಿಗೆ ಎಲ್ಲ ಕಡೆ ದಾಟಲು ಸಂಕ ಇರಲಿಲ್ಲ. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ಲಿಗೆ ಕಾರು ಹತ್ತಿಸಬೇಕು. ಹೊಳೆಯ ಮಧ್ಯೆ ಅತ್ತೆ ಕಣ್ಣು ತೆರೆದು ಸುತ್ತಲೂ ಆರಾಮವಾಗಿ ನೋಡುವರು. ಆಚೆ ದಡದಲ್ಲಿ ಚಕ್ರ ನೆಲಕ್ಕೆ ತಾಗಿದ ಕೂಡಲೇ ಮುಚ್ಚುವರು. "ಅಮ್ಮನಿಗೆ ನೀರು ಅಂದ್ರೆ ಹೆದರಿಕೆ ಇಲ್ಲ, ರಸ್ತೆ ಮಾತ್ರ," ಎಂದು ಇವರು ನನ್ನ ಕಿವಿಯಲ್ಲಿ ಹೇಳಿದರು. ನಾನು ಒಂದೊಂದು ಗಾಡಿಗೂ "ತಡೀರಿ", "ಹೋಗ್ಲಿ" ಎನ್ನುತ್ತಾ ಹೋದೆ. ನಮ್ಮ ದೇಶದಲ್ಲಿ ಎಡಕ್ಕೆ ಓಡಿಸುವಾಗ ಇವರಿಗೆ ಎಲ್ಲ ತಾನಾಗಿ ಕಾಣುತ್ತಿತ್ತು. ನನ್ನ ಮಾತು ಬೇಕೇ ಇರಲಿಲ್ಲ. ಆದರೂ ನಾನು ಹೇಳಿದ ಮೇಲೆಯೇ ದಾಟುತ್ತಿದ್ದರು.

ಕಾರವಾರದಲ್ಲಿ ಉಳಿದು, ಬೆಳಿಗ್ಗೆ ಹೊಳೆ ದಾಟಿ ಗಡಿ ಮುಟ್ಟಿದೆವು. ಹೊರದೇಶ! ಆಚೆ ಕಡೆ ಮರದ ಬಣ್ಣವಾದರೂ ಬೇರೆ ಇದ್ದೀತು ಎಂದುಕೊಂಡಿದ್ದೆ. ಅದೇ ತೆಂಗು, ಅದೇ ಕೆಂಪು ಮಣ್ಣು. ಎತ್ತರದ ಟೊಪ್ಪಿಯ ಪೊಲೀಸ ಕಾಗದ ನೋಡಿದ, ಬುತ್ತಿಯ ಗಂಟು ಮೂಸಿದ, ಆಮೇಲೆ ಅತ್ತೆಯ ಮಡಿಲಿನ ತಂಬಿಗೆ ತೋರಿಸಿ ಕೇಳಿದ, "ಇದರಲ್ಲಿ ಎಂತ ಉಂಟು, ಅಮ್ಮ?"

ಕೊಂಕಣಿಯಲ್ಲಿ ಕೇಳಿದ! ಅತ್ತೆ ಕಣ್ಣು ತೆರೆದರು. "ನೀರು ಮಗಾ. ನಮ್ಮ ಬಾವಿಯದ್ದು."

"ಇಲ್ಲಿ ನೀರಿಲ್ಲವಾ?"

"ಇದೆಯಾ ಇಲ್ಲವಾ ಅಂತ ನಮಗೆ ಯಾರು ಹೇಳಿದ್ದಾರೆ? ನಮ್ಮಜ್ಜಂದಿರು ಇಲ್ಲಿಂದ ಹೋಗಿ ಎಷ್ಟೋ ಕಾಲ ಆಯ್ತು."

ಅವನು ನಕ್ಕು ರಸ್ತೆಗೆ ಅಡ್ಡ ಇಟ್ಟ ಕೋಲು ಎತ್ತಿದ. ಇವರ ಬಾಯಿಯ ತುದಿಯಲ್ಲಿ ಒಂದು ಪ್ರಶ್ನೆ ಇತ್ತು, ನನಗೆ ಕಾಣುತ್ತಿತ್ತು: ಇಲ್ಲಿ ಬಲಕ್ಕೆ ತಾನೇ? ಆದರೆ ಗಡಿಯಲ್ಲಿ ನಾವಾಗಿ ಏನೂ ಕೇಳಬಾರದು. ಇವರು ಬಾಯಿ ಮುಚ್ಚಿಕೊಂಡರು. ಕಾರು ಕೋಲಿನ ಕೆಳಗಿಂದ ದಾಟಿತು. ಇವರು ಉಸಿರೆಳೆದು, ಗಟ್ಟಿಯಾಗಿ, "ಬಲಕ್ಕೆ," ಎಂದರು. ನಾನೂ "ಬಲಕ್ಕೆ" ಎಂದೆ. ಕಾರು ಮೆಲ್ಲಗೆ ರಸ್ತೆಯ ಬಲಬದಿಗೆ ಸರಿಯಿತು. ಎಷ್ಟು ಚೆಂದ ಸರಿಯಿತೆಂದರೆ ಹವಾಲ್ದಾರರು ಇದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು.

ಎತ್ತಿನ ಗಾಡಿಯ ವೇಗದಲ್ಲಿ ಹೋಗುತ್ತಿದ್ದೆವು. ಮುಂದೆ ಒಂದು ನಿಜವಾದ ಎತ್ತಿನ ಗಾಡಿ ಕಂಡಿತು. ಅದು ಎಡಬದಿಯಲ್ಲಿ ಹೋಗುತ್ತಿತ್ತು.

"ಎಡಕ್ಕೆ ಹೋಗ್ತಾ ಉಂಟಲ್ಲ?" ಎಂದೆ.

"ಎತ್ತಿಗೆ ಎಂತ ಗೊತ್ತು," ಎಂದರು ಇವರು.

ಆಮೇಲೆ ಒಬ್ಬ ಸೈಕಲಿನವ, ಅವನೂ ತನ್ನ ಎಡಬದಿಯಲ್ಲಿ, ನೇರ ನಮ್ಮ ಎದುರಿಗೇ ಬಂದ. ನಮ್ಮನ್ನು ನೋಡಿ ಗಂಟೆ ಬಾರಿಸಿ, ತಪ್ಪಿಸಿಕೊಂಡು, ತಿರುಗಿ ತಿರುಗಿ ನೋಡುತ್ತಾ ಹೋದ. "ಇಲ್ಲಿಯವರಿಗೆ ಶಿಸ್ತು ಕಡಿಮೆ," ಎಂದರು ಇವರು. ನನಗೂ ಹಾಗೇ ಕಂಡಿತು. ಮೂರು ವಾರ ಕಲಿತು ಬಂದವರು ನಾವು. ಈ ದೇಶದವರಿಗೇ ಈ ದೇಶದ ನಿಯಮ ಗೊತ್ತಿಲ್ಲವಲ್ಲ ಎಂದು ಪಾಪ ಅನ್ನಿಸಿತು.

ಮುಂದೆ ಏರಿನ ತಿರುವು. ಗುಡ್ಡದ ಮರೆಯಿಂದ ಒಂದು ಬಸ್ಸಿನ ಮುಖ, ದೊಡ್ಡದಾಗಿ, ನೇರ ನಮ್ಮ ಮುಖಕ್ಕೇ ಬಂತು.

"ತಡೀರಿ!"

ಇವರ ಕಾಲು ಮೊದಲೇ ಬ್ರೇಕಿನ ಮೇಲೆ ಇತ್ತು. ಕಾರು ನಿಂತಿತು. ಬಸ್ಸು ಕಿರುಚಿ, ಜಾರಿ, ಒಂದು ಮಾರು ಅಂತರದಲ್ಲಿ ನಿಂತಿತು. ಧೂಳು ನಮ್ಮ ಮೇಲೆ ಬಂದು ಕೂತಿತು. ನಾನು ಹಿಂದೆ ತಿರುಗಿ ನೋಡಲಿಲ್ಲ, ಧೈರ್ಯ ಬರಲಿಲ್ಲ. ಇವರೂ ಸ್ಟೇರಿಂಗು ಬಿಟ್ಟು ತಿರುಗಲಿಲ್ಲ. ಅದು ಬಸ್ಸಿನ ಹೆದರಿಕೆಯಲ್ಲ. ಹಿಂದಿನ ಬಾಗಿಲು ತೆರೆಯುವ ಶಬ್ದಕ್ಕಾಗಿ ಇಬ್ಬರೂ ಕಾಯುತ್ತಿದ್ದೆವು.

ಬಸ್ಸಿನ ಡ್ರೈವರು ಇಳಿದು ಬಂದ. ತೆಳ್ಳಗಿನ ಮುದುಕ, ಕುತ್ತಿಗೆಗೆ ಕರವಸ್ತ್ರ ಕಟ್ಟಿದ್ದ. ಬಂದವನೇ ಶುರುಮಾಡಿದ, ಕೊಂಕಣಿಯಲ್ಲಿ, ಉಸಿರು ಬಿಡದೆ:

"ಏ ಬಾಬಾ! ಕಣ್ಣನ್ನು ಮನೆಯಲ್ಲಿ ಉಪ್ಪಿಗೆ ಹಾಕಿ ಬಂದಿದ್ದೀಯಾ? ಈ ರಸ್ತೆಯನ್ನು ನಿನ್ನ ಮಾವ ಬಳುವಳಿ ಕೊಟ್ಟಿದ್ದಾನಾ?"

ಹಿಂದಿನಿಂದ ಅತ್ತೆಯ ಸ್ವರ ಬಂತು. "ಇವನ ಮಾವನಾ? ಅವರು ರಸ್ತೆ ಎಲ್ಲಿಂದ ಕೊಡುದು? ಕೊಟ್ಟದ್ದು ಒಂದು ತಾಮ್ರದ ಹಂಡೆ, ಅದೂ ಸೋರ್ತದೆ!"

ಡ್ರೈವರು ಬಾಯಿ ತೆರೆದವನು ಹಾಗೇ ನಿಂತ. ನನಗೆ ಅವಮಾನ, ಹೆದರಿಕೆ, ನಗು ಎಲ್ಲ ಒಟ್ಟಿಗೆ ಬಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಕಂಡವು, ಒಂದೊಂದಾಗಿ ನಗತೊಡಗಿದವು. ಅತ್ತೆ ಕಿಟಕಿಯಿಂದ ಮುಖ ಹೊರಗೆ ಹಾಕಿದ್ದರು. ಎರಡು ದಿನದಲ್ಲಿ ಮೊದಲ ಸಲ ರಸ್ತೆಯ ಮೇಲೆ ಅವರ ಕಣ್ಣು ತೆರೆದಿತ್ತು.

"ಇನ್ನೊಮ್ಮೆ ಬೈ ಮಗಾ," ಎಂದರು. "ನಮ್ಮ ಅಜ್ಜಿ ಹೀಗೇ ಬೈತಿದ್ದದ್ದು. ಉಪ್ಪಿಗೆ ಹಾಕುದು. ಅವರು ಹೋದ ಮೇಲೆ ಇದನ್ನು ಯಾರ ಬಾಯಲ್ಲೂ ಕೇಳ್ಲಿಲ್ಲ."

"ನೀವು ಎಲ್ಲಿಯವರು ಅಮ್ಮ?"

"ಇಲ್ಲಿಯವರೇ. ಸ್ವಲ್ಪ ತಡವಾಯ್ತು, ಅಷ್ಟೆ."

ಇವರು ಇಳಿದು ಕೈಮುಗಿದು ಹೇಳಿದರು, "ತಪ್ಪಾಯ್ತು. ಇದು ಪೋರ್ಚುಗೀಸರ ದೇಶ, ಬಲಕ್ಕೆ ಅಂತ ನಮಗೆ ಹೇಳಿದ್ರು."

"ಯಾರು ಹೇಳಿದ್ದು? ಇಲ್ಲಿ ಎಡಕ್ಕೇ. ನಿಮ್ಮಲ್ಲಿ ಹೇಗೋ ಹಾಗೆ. ಸುತ್ತ ಎಲ್ಲ ನಿಮ್ಮವರೇ ಇರುವಾಗ ನಾವೊಬ್ಬರೇ ಬಲಕ್ಕೆ ಹೋಗಿ ಎಲ್ಲಿ ಸಾಯುದು?"

ಇವರ ಮುಖ ಈಗಲೂ ಕಣ್ಣ ಮುಂದೆ ಇದೆ. ಮೂರು ವಾರದ ಪದವು, ಕಲ್ಲಿನ ಸಾಲು, ಗೇರುಕೊಂಬೆ, ಕುಂಬ್ರದ ನಗೆ, ಎಲ್ಲ ಆ ಮುಖದ ಮೇಲೆ ಹಾದುಹೋದವು. ಆಮೇಲೆ ನಗತೊಡಗಿದರು. ಬಾನೆಟ್ಟಿಗೆ ಕೈ ಊರಿ ನಕ್ಕರು.

ನಗು ನಿಂತ ಮೇಲೆ ಹಿಂದಿನ ಬಾಗಿಲ ಹತ್ತಿರ ಹೋಗಿ, ತಾಯಿಯ ಮುಖ ನೋಡದೆ ಕೇಳಿದರು, "ಹೆದರಿಕೆ ಆಯ್ತಾ ಅಮ್ಮ?"

ಅತ್ತೆ ತಂಬಿಗೆಯ ಮೇಲಿನ ಬಾಳೆಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಎಲೆಯ ಮೇಲೆ ಧೂಳು ಇತ್ತು, ನೀರಿರಲಿಲ್ಲ.

"ಆಯ್ತು," ಎಂದರು. "ಆದರೆ ನಿಂತಿತಲ್ಲ. ಅವತ್ತು ನಿಲ್ಲಲಿಲ್ಲ ಮಗಾ."

ಇವರು ಬಾಗಿಲಿನ ಹಿಡಿ ಹಿಡಿದುಕೊಂಡು ನಿಂತಿದ್ದರು. ಬಸ್ಸಿನವರು ಹಾರ್ನು ಹೊಡೆದರು. ಅತ್ತೆ ಹೇಳಿದರು, "ಎಂತ ನಿಂತದ್ದು? ದಾರಿ ಬಿಡು ಅವನಿಗೆ. ಎಡಕ್ಕೆ ತೆಗಿ. ನಡಿ."

ಅಲ್ಲಿಂದ ಮುಂದೆ ಅತ್ತೆ ಕಣ್ಣು ಮುಚ್ಚಲಿಲ್ಲ. ಘಟ್ಟ ಹತ್ತುವಾಗ ನನಗಿಂತ ಮೊದಲೇ ಹಿಂದಿನಿಂದ "ತಡಿ", "ಹೋಗ್ಲಿ" ಎಂದು ಹೇಳತೊಡಗಿದರು. ಎರಡು ಕಡೆಯಿಂದ ಎರಡು ಅಪ್ಪಣೆ. ಇವರು ಪಾಪ ಎರಡಕ್ಕೂ ತಲೆಯಾಡಿಸುತ್ತಾ ಓಡಿಸಿದರು. ದಾರಿಯನ್ನು ಇಬ್ಬಿಬ್ಬರ ಹತ್ತಿರ ಕೇಳಿದೆವು, ಪೆಟ್ರೋಲು ಸಿಕ್ಕಿದಲ್ಲಿ ತುಂಬಿಸಿದೆವು, ಊಟವಾದ ಮೇಲೆ ಮರದಡಿ ಮಲಗಿದೆವು. ಪ್ರತೀ ಸಲ ಹೊರಡುವಾಗ ಮೂವರೂ ಒಟ್ಟಿಗೆ "ಎಡಕ್ಕೆ!" ಎಂದು ಕೂಗುತ್ತಿದ್ದೆವು. ಶಾಲಾ ಮಕ್ಕಳ ಹಾಗೆ. ಸಂಜೆ ಬಿಸಿಲಿರುವಾಗಲೇ ದೇವಸ್ಥಾನ ಮುಟ್ಟಿದೆವು. ಅತ್ತೆ ಭಟ್ಟರ ಕೈಗೆ ತಂಬಿಗೆ ಕೊಟ್ಟರು. ದೇವಿಯ ಹತ್ತಿರ ಎಂತ ಬೇಡಿದಿರಿ ಎಂದು ಆಮೇಲೆ ಕೇಳಿದೆ. "ಬೇಡ್ಲಿಕ್ಕೆ ಬಂದದ್ದಲ್ಲ. ದೊಡ್ಡ ಮಗ ಇಲ್ಲ ಅಂತ ಹೇಳ್ಲಿಕ್ಕೆ ಬಂದದ್ದು. ಅವಳಿಗೆ ಯಾರೂ ಹೇಳಿರಲಿಲ್ಲ," ಎಂದರು.

ಊರಿಗೆ ಮುಟ್ಟಿದ ಮರುದಿನ ಹವಾಲ್ದಾರರು ಸುಳ್ಯದಿಂದ ಬಂದರು. ಬಸ್ಸಿನ ಕಥೆ ಕೇಳಿ ಮುಂಡಾಸು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. "ಛೇ. ಹಾಗಾದ್ರೆ ನಾನು ಹೇಳಿದ್ದು ಎಲ್ಲ ದಂಡ."

"ಒಂದು ಬಿಟ್ಟು ಎಲ್ಲ ಉಪಯೋಗಕ್ಕೆ ಬಂತು," ಎಂದರು ಇವರು. "ಮೊದಲ ಮೈಲಿ ಮೆಲ್ಲ ಹೋಗಿ ಅಂತ ನೀವು ಹೇಳದಿದ್ರೆ ನಾವು ಇವತ್ತು ಇಲ್ಲಿ ಕೂತಿರ್ತಿರಲಿಲ್ಲ."

"ಮೆಲ್ಲ ಹೋಗುದು ಎಲ್ಲಾ ದೇಶದಲ್ಲಿ ಒಂದೇ," ಎಂದು ಹವಾಲ್ದಾರರು ಸ್ವಲ್ಪ ಸಮಾಧಾನಪಟ್ಟು, ಕಾಫಿ ಕೇಳಿದರು. ಅತ್ತೆ ತಾವೇ ತಂದು ಕೊಟ್ಟರು. ಕೊಡುತ್ತಾ, "ಪದವಿನಲ್ಲಿ ನನ್ನ ತಂಬಿಗೆಯ ನೀರು ಕುಡಿದದ್ದು ನೀವೇ ಅಲ್ಲವಾ?" ಎಂದರು. ಅತ್ತೆಗೆ ಎಲ್ಲ ಗೊತ್ತಿತ್ತು. ಕುಂಬ್ರದ ನೆಂಟರು ಮೊದಲ ವಾರದಿಂದಲೇ ಹೇಳುತ್ತಿದ್ದರಂತೆ. ಗೊತ್ತಿದ್ದೂ ಬಂದಿದ್ದರು.

ಸ್ವಲ್ಪ ದಿನದ ಮೇಲೆ ಅತ್ತೆ ಒಂದು ಬೆಳಿಗ್ಗೆ, ಯಾರೂ ಕರೆಯದೆ, ಕಾರಿನ ಮುಂದಿನ ಸೀಟಿನಲ್ಲಿ, ನನ್ನ ಜಾಗದಲ್ಲಿ ಕೂತರು. ಕೈಯಲ್ಲಿ ಗೋವೆಯ ಪ್ರಸಾದದ ಒಣಗಿದ ಹೂ. "ಕಡಬದ ದಾರಿಯಲ್ಲಿ ಹೋಗುವ," ಎಂದರು. ನಾನು ಹಿಂದೆ ಕೂತೆ. ಆ ಮೋರಿಯ ಹತ್ತಿರ ಇವರು ಬ್ರೇಕು ಹಾಕಿದ್ದು ನನಗೆ ಗೊತ್ತೇ ಆಗಲಿಲ್ಲ. ಅತ್ತೆ ಇಳಿದು ಹೂವನ್ನು ಕಲ್ಲಿನ ಮೇಲೆ ಇಟ್ಟು, ಬಂದು ಕೂತು, ಮುಂದೆ ಹಿಂದೆ ರಸ್ತೆ ನೋಡಿ, "ಹೋಗ್ಲಿ," ಎಂದರು.

ಗಡಿ ನಿಜವಾಗಿಯೂ ಮುಚ್ಚಿತು. ಅರವತ್ತರ ದಶಕದಲ್ಲಿ ಗೋವೆ ನಮ್ಮ ದೇಶವೇ ಆದ ಮೇಲೆ ಮತ್ತೆರಡು ಸಲ ಹೋದೆವು. ಅತ್ತೆ ಎರಡೂ ಸಲ ಮುಂದಿನ ಸೀಟಿನಲ್ಲಿ. ಅವರು ಹೋದ ಮೇಲೆ ಆ ಜಾಗ ನನಗೆ ಮರಳಿ ಬಂತು. ಕೊನೆಯ ವರ್ಷದವರೆಗೂ ಇವರು ಪುತ್ತೂರಿನ ಪೇಟೆಯಲ್ಲಿ ಒಂದು ಆಟೋ ದಾಟಬೇಕಾದರೂ ನನ್ನ ಕಡೆ ಒಮ್ಮೆ ನೋಡುತ್ತಿದ್ದರು.

ಇಷ್ಟು ಬರೆದು ಮಗಳಿಗೆ ಓದಲು ಕೊಟ್ಟೆ. ಓದಿ ಮುಗಿಸಿ ಅವಳು ಮೊಳೆಯಿಂದ ಕೀ ತೆಗೆದಳು. ಶೆಡ್ಡಿನ ಬಾಗಿಲನ್ನು ನಾನೇ ತೆಗೆದೆ. ಒಳಗೆ ಅವರ ಕಾರಿನ ವಾಸನೆ ಹಾಗೇ ಇತ್ತು. ನನಗೆ ಹೆದರಿಕೆ ಆಯಿತು. ಎಡಗಡೆಯ ಸೀಟಿನಲ್ಲಿ ಕೂತೆ. ಗೇಟಿನ ಹತ್ತಿರ ಮಗಳು ಕಾರು ನಿಲ್ಲಿಸಿದಳು, ಮೆಲ್ಲಗೆ, ಅವರ ಹಾಗೆಯೇ. ರಸ್ತೆಯಲ್ಲಿ ಒಂದು ಲಾರಿ ಬರುತ್ತಿತ್ತು. ಅವಳು ನನ್ನ ಕಡೆ ನೋಡಿ ಕಾದಳು.

"ತಡಿ," ಎಂದೆ.

ಲಾರಿ ದಾಟಿತು.